ನಿನ್ನ ಗೋಡೆಗೆ ಸಿಮೆಂಟು ಮೆತ್ತಿಸುವ ಮೊದಲು

ಶಿಪ್ಲಿ, ಯಾರ್ಕ್‌ಶೈರ್
ಸೆಪ್ಟೆಂಬರ್ 14

ಪ್ರಿಯ ಗೆಳೆಯಾ,

ನಮ್ಮ ಮಲೆನಾಡಿನ ಸಾಗರದಲ್ಲಿ ಮಳೆ ಇನ್ನೂ ಬಿಟ್ಟಿಲ್ಲವೆಂದು ನೀನು ಬರೆದುದನ್ನು ಅಮ್ಮನಿಗೆ ಓದಿ ಹೇಳಿದೆ. ಇಲ್ಲಿಗೆ ಬಂದು ನಾಲ್ಕು ತಿಂಗಳಾದರೂ ಅವಳಿಗೆ ಊರಿನ ಮಳೆಯ ಲೆಕ್ಕ ತಪ್ಪಿಲ್ಲ. ಯಾವ ನಕ್ಷತ್ರದ ಮಳೆ ಎಷ್ಟು ಹೊಯ್ದಿರಬೇಕು, ಅಡಿಕೆಯ ಕೊಳೆರೋಗಕ್ಕೆ ಎಷ್ಟನೆಯ ಸಲ ಔಷಧಿ ಹೊಡೆದಿರಬೇಕು ಎಂಬುದನ್ನೆಲ್ಲ ಕಿಟಕಿಯ ಬಳಿ ಕುಳಿತು ತಾನೇ ಹೇಳಿಕೊಳ್ಳುತ್ತಿರುತ್ತಾಳೆ. ಆದರೆ ನಿನ್ನ ಪತ್ರದ ಕೊನೆಯ ಸಾಲನ್ನು ಓದಿದಾಗ ಅವಳೂ ಸುಮ್ಮನಾದಳು. ಹಿಂದಿನ ಅಡುಗೆಮನೆಯ ಗೋಡೆಯ ಹಳೆಯ ಗಾರೆಯನ್ನು ಪೂರ್ತಿ ಕೆರೆಸಿ, ದೀಪಾವಳಿಯೊಳಗೆ ಸಿಮೆಂಟಿನ ಪ್ಲಾಸ್ಟರ್ ಮಾಡಿಸಿ, ಅದರ ಮೇಲೆ ನೀರು ತಡೆಯುವ ಬಣ್ಣ ಹೊಡೆಸುವುದೆಂದು ನೀನು ನಿಶ್ಚಯಿಸಿದ್ದೀ. ಆ ಒಂದು ಸಾಲಿಗಾಗಿಯೇ ಈ ಪತ್ರವನ್ನು ಬರೆಯುತ್ತಿದ್ದೇನೆ. ಈ ಬೇಸಿಗೆಯೆಲ್ಲ ಇಂಥದೇ ಒಂದು ಗೋಡೆಯ ಮುಂದೆ ಕಳೆದವನ ಮಾತನ್ನು ಕೇಳಿಕೊಂಡು, ಆಮೇಲೆ ನಿನಗೆ ಸರಿಕಂಡಂತೆ ಮಾಡು.

ನಾವು ಕೊಂಡ ಮನೆಯ ಚಿತ್ರವನ್ನು ನೀನು ನೋಡಿದ್ದೀ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಸಾಲುಮನೆಗಳಲ್ಲಿ ಒಂದು. ಎಡಬಲದ ಗೋಡೆಗಳು ನೆರೆಯವರಿಗೂ ನಮಗೂ ಸೇರಿದವು, ಹಿಂದು ಮುಂದಿನವು ಮಾತ್ರ ಪೂರ್ತಿ ನಮ್ಮವು. ಮುಂಗೋಡೆ ಸುಮಾರು ಅರ್ಧ ಮೀಟರ್ ದಪ್ಪ: ಹೊರಗೊಂದು ಸಾಲು ಮರಳುಗಲ್ಲು, ಒಳಗೊಂದು ಸಾಲು, ನಡುವೆ ಕಲ್ಲಿನ ಚೂರು ಮತ್ತು ಸುಣ್ಣದ ಗಾರೆ. ಈಗಿನ ಮನೆಗಳ ಎರಡು ಪದರಗಳ ನಡುವೆ ಇರುವಂತೆ ಇದರಲ್ಲಿ ಗಾಳಿಯ ಸಂದಿಲ್ಲ. ನಿನ್ನ ಮನೆಯ ಜಂಬಿಟ್ಟಿಗೆಯ ಗೋಡೆಯೂ ಇದೇ ಜಾತಿಯದು. ಕಲ್ಲು ಬೇರೆ, ಮಣ್ಣು ಬೇರೆ, ಅಷ್ಟೆ.

ಮೊದಲನೆಯ ಚಳಿಗಾಲ ಕಳೆಯುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಬಣ್ಣ ಗುಳ್ಳೆಯೆದ್ದಿತು. ಗುಳ್ಳೆಯನ್ನು ಒಡೆದರೆ ಒಳಗೆ ಹತ್ತಿಯಂತೆ ಬಿಳಿಯ ಉಪ್ಪು. ಕೋಣೆಯ ತುಂಬ ಒದ್ದೆ ಗೋಣಿಚೀಲದ ವಾಸನೆ. ಮಗಳು ಗೋಡೆಗೆ ಅಂಟಿಸಿದ್ದ ಚಿತ್ರಗಳು ಒಂದೊಂದಾಗಿ ನೆಲಕ್ಕೆ ಬೀಳತೊಡಗಿದಾಗ, ಗೋಡೆಯ ತೇವಕ್ಕೆ ಚಿಕಿತ್ಸೆ ಮಾಡುವ ಒಂದು ಕಂಪನಿಯವರನ್ನು ಕರೆಸಿದೆವು. ಬಂದಾತ ಎರಡು ಮುಳ್ಳುಗಳ ಪುಟ್ಟ ಯಂತ್ರವೊಂದನ್ನು ಗೋಡೆಗೆ ಚುಚ್ಚಿದ, ಅದು ಕೂಗಿತು. ನೆಲದಿಂದ ನೀರು ಮೇಲಕ್ಕೇರುತ್ತಿದೆ, ಬುಡದುದ್ದಕ್ಕೂ ರಂಧ್ರ ಕೊರೆದು ರಾಸಾಯನಿಕ ತುಂಬಬೇಕು, ಒಂದು ಮೀಟರ್ ಎತ್ತರದವರೆಗೆ ಪ್ಲಾಸ್ಟರ್ ಕಿತ್ತು ನೀರು ಬಿಡದ ಸಿಮೆಂಟ್ ಹಾಕಬೇಕು ಎಂದು ಹೇಳಿ, ಕೆಲವು ಸಾವಿರ ಪೌಂಡುಗಳ ಅಂದಾಜು ಬರೆದುಕೊಟ್ಟು ಹೋದ. ಆ ಯಂತ್ರ ಅಳೆಯುವುದು ನೀರನ್ನಲ್ಲ, ಗೋಡೆಯಲ್ಲಿ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಉಪ್ಪಿದ್ದರೂ ಅದು ಕೂಗುತ್ತದೆ ಎಂದು ಆಮೇಲೆ ತಿಳಿಯಿತು. ಆದರೆ ಅದಕ್ಕಿಂತ ಮೊದಲೇ ನಿನ್ನ ಅತ್ತಿಗೆ ತೀರ್ಪು ಕೊಟ್ಟಾಗಿತ್ತು: "ಪುಕ್ಕಟೆಯಾಗಿ ನೋಡಲು ಬಂದವನು ರೋಗವೇ ಇಲ್ಲ ಎಂದು ಹೇಳಿ ಹೋದರೆ ಅವನ ಗಾಡಿಯ ಡೀಸೆಲಿಗೆ ದುಡ್ಡೆಲ್ಲಿಂದ ಬರಬೇಕು?"

ನಿಜವಾದ ರೋಗವನ್ನು ಕಂಡುಹಿಡಿದವರು ಪಕ್ಕದ ಮನೆಯ ಅಜ್ಜ. ಜೀವಮಾನವೆಲ್ಲ ಕಲ್ಲುಕೆಲಸ ಮಾಡಿ ನಿವೃತ್ತರಾದವರು. ಈ ಸೀಮೆಯ ಹಿರಿಯರಿಗೆ ಎದುರಿಗಿದ್ದವರನ್ನು, ಅವರು ಗಂಡಸೇ ಆಗಿರಲಿ ಹೆಂಗಸೇ ಆಗಿರಲಿ, "ಲವ್" ಎಂದು ಕರೆಯುವ ರೂಢಿಯಿದೆ. ಅವರು ಮೊದಲ ಸಲ ಅಮ್ಮನನ್ನು ಹಾಗೆ ಮಾತನಾಡಿಸಿದಾಗ ಅವಳು ಸೆರಗು ಸರಿಪಡಿಸಿಕೊಂಡು ಒಳಗೆ ನಡೆದದ್ದು ಒಂದು ದೊಡ್ಡ ಕಥೆ. ಈಗ ಕೋಡುಬಳೆಯ ಡಬ್ಬಿ ವಾರಕ್ಕೊಮ್ಮೆ ಬೇಲಿ ದಾಟುತ್ತದೆ. ಇರಲಿ. ಅವರು ಒಳಗೆ ಬಂದು ಗೋಡೆಯನ್ನು ನೋಡಲೇ ಇಲ್ಲ. ಹೊರಗೆ, ಮಳೆಯಲ್ಲಿ, ಕೈ ಹಿಂದೆ ಕಟ್ಟಿಕೊಂಡು ಹತ್ತು ನಿಮಿಷ ನಿಂತರು. ಸೂರಿನ ನೀರನ್ನು ಹಿಡಿದು ಸಾಗಿಸುವ ದಂಬೆಯ ಒಂದು ಕೂಡಿಕೆ ಬಿರಿದು ನೀರು ಗೋಡೆಗುಂಟ ಇಳಿಯುತ್ತಿತ್ತು. ಹಿಂದಿನ ಮಾಲೀಕರಲ್ಲಿ ಯಾರೋ ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವಾಗ ಅದನ್ನು ಒಳಗಿನ ನೆಲಕ್ಕಿಂತ ಮೇಲಕ್ಕೆ ಏರಿಸಿ, ಮರದ ನೆಲದ ಅಡಿಗೆ ಗಾಳಿಯಾಡಲು ಬಿಟ್ಟಿದ್ದ ಕಿಂಡಿಗಳನ್ನು ಮುಚ್ಚಿಬಿಟ್ಟಿದ್ದರು. ಮೂರನೆಯದಾಗಿ, ಕಲ್ಲುಗಳ ಸಂದಿಯಲ್ಲಿ ಸವೆದ ಹಳೆಯ ಗಾರೆಯ ಮೇಲೆ ಗಟ್ಟಿ ಸಿಮೆಂಟ್ ಮೆತ್ತಲಾಗಿತ್ತು.

ಈ ಮೂರನೆಯದರ ಮೇಲೆಯೇ ನಾನು ನಿನ್ನ ಗಮನವನ್ನು ನಿಲ್ಲಿಸಬೇಕಾಗಿದೆ. ಹಳೆಯ ಗೋಡೆ ನೀರನ್ನು ತಡೆಯಲೆಂದು ಕಟ್ಟಿದ್ದಲ್ಲ. ಮಳೆಯಾದಾಗ ಒಂದಿಷ್ಟು ಹೀರಿ, ಬಿಸಿಲೋ ಗಾಳಿಯೋ ಬಂದಾಗ ಅದನ್ನು ಹೊರಗೆ ಬಿಡಲೆಂದು ಕಟ್ಟಿದ್ದು. ಹಾಗೆ ಬಿಡುವ ದಾರಿಯೇ ಸುಣ್ಣದ ಗಾರೆ. ಅದು ಕಲ್ಲಿಗಿಂತ ಮೆದು, ಸೂಕ್ಷ್ಮ ರಂಧ್ರಗಳುಳ್ಳದ್ದು. ಸವೆಯುವುದಾದರೆ ತಾನು ಸವೆದು ಕಲ್ಲನ್ನು ಉಳಿಸುತ್ತದೆ, ಸವೆದಲ್ಲಿ ಮತ್ತೆ ತುಂಬಬಹುದು. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ಮನೆ ಕೂರುವಾಗ ಸಿಮೆಂಟಿನಲ್ಲಿ ಕೂದಲೆಳೆಯ ಬಿರುಕು ಬಿಡುವುದು ತಪ್ಪದು. ಅದರೊಳಗಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲಾರದು. ಆಮೇಲೆ ಅದಕ್ಕೆ ಉಳಿಯುವ ದಾರಿ ಎರಡೇ: ಕಲ್ಲಿನ ಮೂಲಕ ಇಲ್ಲವೆ ಕೋಣೆಯ ಒಳಕ್ಕೆ. ಇಲ್ಲಿ ಚಳಿಗಾಲದಲ್ಲಿ ಕಲ್ಲಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುವುದರಿಂದ ಕಲ್ಲಿನ ಮುಖವೇ ಪದರ ಪದರವಾಗಿ ಉದುರುತ್ತದೆ. ನಿನ್ನಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ಆದರೆ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಿದೆ.

ಹಾಗಾಗಿ ಏಪ್ರಿಲಿನಿಂದ ನಮ್ಮ ಶನಿವಾರ ಭಾನುವಾರಗಳೆಲ್ಲ ಗೋಡೆಗೆ ಸಂದವು. ದಂಬೆಯ ರಿಪೇರಿಗೆ ಒಂದು ಬೆಳಗು ಸಾಕಾಯಿತು, ಅಂಗಳದ ಕಾಂಕ್ರೀಟ್ ಒಡೆಯಲು ಎರಡು ವಾರ ಹಿಡಿಯಿತು. ಒಳಗಿನ ಕೆಲಸ ಮಾತ್ರ ಮುಗಿಯುವಂತೆಯೇ ಕಾಣಲಿಲ್ಲ. ಮರದ ಚೂರುಗಳನ್ನು ಸೇರಿಸಿ ತಯಾರಿಸಿದ ಒಂದು ಬಗೆಯ ವಾಲ್‌ಪೇಪರ್ ಇಲ್ಲಿನ ಹಳೆಯ ಮನೆಗಳಲ್ಲಿ ಬಹಳ. ಉಗಿ ಬಿಟ್ಟು ಬೆರಳಗಲ ಬೆರಳಗಲವಾಗಿ ಅದನ್ನು ಕೆರೆದು ತೆಗೆದವನಿಗೆ ಶತ್ರುಗಳಿಗೂ ಅದನ್ನು ಹಾರೈಸುವ ಮನಸ್ಸು ಬರಲಾರದು. ಅದರಡಿಯ ಪ್ಲಾಸ್ಟರನ್ನು ಕಿತ್ತಾಗ ಒಳಗೆ ಮೂಲದ ಸುಣ್ಣದ ಗಾರೆ ಅಲ್ಲಲ್ಲಿ ಉಳಿದಿತ್ತು. ಮಗಳು ಅದರ ಒಂದು ತುಂಡನ್ನು ಕೈಯಲ್ಲಿ ಹಿಡಿದು, "ಅಪ್ಪಾ, ಗೋಡೆಗೆ ಕೂದಲಿದೆ" ಎಂದು ಕಿರುಚಿದಳು. ನಿಜವಾಗಿಯೂ ಇತ್ತು. ಗಾರೆ ಒಣಗುವಾಗ ಬಿರುಕು ಬಿಡದಿರಲೆಂದು ಹಸುವಿನದೋ ಕುದುರೆಯದೋ ಕೂದಲನ್ನು ಸೇರಿಸಿ ಕಲಸುವುದು ಇಲ್ಲಿನ ಹಳೆಯ ಪದ್ಧತಿ. ಈಗ ಮೇಕೆಯ ಕೂದಲನ್ನು ಚಿಕ್ಕ ಚೀಲಗಳಲ್ಲಿ ಮಾರುತ್ತಾರೆ. ನಾವೂ ಅದನ್ನೇ ಕೊಂಡೆವು.

ಕಿತ್ತ ಕಸವನ್ನು ಹೊರಲು ಲೀಡ್ಸ್‌ನಿಂದ ಕನ್ನಡದ ಗೆಳೆಯರು ಬಂದರು: ಇಬ್ಬರು ಸಾಫ್ಟ್‌ವೇರ್‌ನವರು, ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟು ಬಂದ ಒಬ್ಬ ನರ್ಸ್. ಕೂಲಿ ಎಂದರೆ ಅಮ್ಮನ ಬಿಸಿಬೇಳೆಬಾತ್. ಮನೆಯ ಮುಂದಿನ ರಸ್ತೆಯಲ್ಲಿ ಕಸದ ದೊಡ್ಡ ಕಬ್ಬಿಣದ ತೊಟ್ಟಿಯನ್ನು ಇರಿಸಬೇಕಾದರೆ ಕೌನ್ಸಿಲಿನ ಅನುಮತಿ ಬೇಕು, ಅದಕ್ಕೆ ಬೇರೆ ಶುಲ್ಕ. ರಾತ್ರಿ ಕಳೆದು ಬೆಳಗಾಗುವಾಗ ನಮ್ಮ ತೊಟ್ಟಿಯಲ್ಲಿ ಯಾರದೋ ಹರಿದ ಸೋಫಾ ಬಂದು ಕುಳಿತಿತ್ತು. ಇದೂ ಇಲ್ಲಿನ ಪದ್ಧತಿಯೇ ಅಂತೆ.

ಸುಣ್ಣ ಬಂದ ದಿನ ಅಮ್ಮನ ಮುಖವನ್ನು ನೀನು ನೋಡಬೇಕಿತ್ತು. ಅರಳಿಸಿ, ತಿಂಗಳುಗಟ್ಟಲೆ ನೀರಿನಡಿ ನೆನೆಸಿಟ್ಟ ಸುಣ್ಣದ ಹಿಟ್ಟನ್ನು ಇಲ್ಲಿ ಬಕೆಟ್ಟುಗಳಲ್ಲಿ ಮಾರುತ್ತಾರೆ. ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಹೇಳಬಾರದಿತ್ತು, ಹೇಳಿದೆ. "ಎಲೆಯಡಿಕೆಗೆ ಹಚ್ಚುವ ಸುಣ್ಣಕ್ಕೆ ಇಷ್ಟೊಂದು ದುಡ್ಡೇ?" ಎಂದವಳು ಮುಚ್ಚಳ ತೆಗೆದು, ಕರಣೆಯ ತುದಿಯಿಂದ ಸ್ವಲ್ಪ ಎತ್ತಿ, ಅದು ಬೆಣ್ಣೆಯಂತೆ ಅಂಟಿ ನಿಲ್ಲುವುದನ್ನು ನೋಡಿದ ಮೇಲೆ, "ಚೆನ್ನಾಗಿ ನೆಂದಿದೆ" ಎಂದು ಒಪ್ಪಿಗೆ ಕೊಟ್ಟಳು. ಅವಳ ತವರು ಕುಮಟೆಯ ಕಡೆ. ಅಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ಅವಳು ಚಿಕ್ಕಂದಿನಲ್ಲಿ ಕಂಡವಳು. ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ನೀರನ್ನೂ ಹಾಕುತ್ತಿದ್ದುದನ್ನು ಅವಳು ವಿವರಿಸಿದಾಗ, ನಾನು ಅದನ್ನು ಪಕ್ಕದ ಅಜ್ಜನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಬೆಲ್ಲ ತಮ್ಮ ಚಹಾಕ್ಕಿರಲಿ, ಗೋಡೆಗೆ ಕೂದಲು ಸಾಕು ಎಂದರು.

ಮೂರು ಪದರ ಹಾಕಿದೆವು. ಮೊದಲನೆಯದನ್ನು ಒರಟಾಗಿ ಹಾಕಿ, ಮುಂದಿನದು ಹಿಡಿಯಲೆಂದು ಓರೆಗೆರೆಗಳನ್ನು ಎಳೆಯಬೇಕು. ಎರಡನೆಯದನ್ನು ಮಟ್ಟ ಮಾಡಬೇಕು. ಮೂರನೆಯದು ತೆಳ್ಳಗೆ, ನುಣ್ಣಗೆ. ಈ ಬಗೆಯ ಸುಣ್ಣ ಸಿಮೆಂಟಿನಂತೆ ನೀರಿನೊಡನೆ ಸೇರಿ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬೇಗ ಒಣಗಿದರೆ ಪುಡಿಯಾಗುತ್ತದೆ. ಆದ್ದರಿಂದ ಒದ್ದೆ ಗೋಣಿಬಟ್ಟೆಯನ್ನು ತೂಗುಬಿಟ್ಟು, ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ಜೂನ್ ತಿಂಗಳಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ. ಊಟವಾದ ಮೇಲೆ ಅಮ್ಮ ತುಳಸಿಗೆ ನೀರೆರೆಯುವವಳಂತೆ ಗೋಡೆಗೆ ನೀರು ಚಿಮುಕಿಸುತ್ತ ನಿಲ್ಲುತ್ತಿದ್ದಳು.

ಎರಡನೆಯ ಪದರ ಒಣಗುವುದನ್ನು ಕಾಯುತ್ತಿದ್ದ ಒಂದು ಶನಿವಾರ ನಾವೆಲ್ಲ ರೈಲು ಹತ್ತಿ ಸೆಟಲ್ ಎಂಬ ಸಣ್ಣ ಪೇಟೆಗೆ ಹೋದೆವು. ನಮ್ಮ ನಿಲ್ದಾಣದಿಂದ ಸುಮಾರು ಒಂದು ಗಂಟೆಯ ಪಯಣ. ಕಾರ್ಲೈಲ್‌ವರೆಗೆ ಸಾಗುವ ಈ ದಾರಿಯನ್ನು 1980ರ ದಶಕದಲ್ಲಿ ಮುಚ್ಚಲು ಹೊರಟಿದ್ದರು. ಜನರ ವಿರೋಧದಿಂದ 1989ರಲ್ಲಿ ಅದು ಉಳಿಯಿತು. ಸೆಟಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಲ್ಯಾಂಗ್‌ಕ್ಲಿಫ್ ಎಂಬಲ್ಲಿ, 1873ರಲ್ಲಿ ಕಟ್ಟಿದ ಒಂದು ಸುಣ್ಣದ ಗೂಡಿದೆ. ಗೂಡು ಎಂದರೆ ನೀನು ಊಹಿಸಿಕೊಳ್ಳುವ ಗೂಡಲ್ಲ. ಒಳಹೊಕ್ಕರೆ ಒಂದು ಉದ್ದನೆಯ ಸುರಂಗದಂತೆ ಸುತ್ತಿಕೊಂಡು ಬರುವ, ಸಾಲುಸಾಲು ಕಮಾನು ಬಾಗಿಲುಗಳ ಕಟ್ಟಡ. ಅದರಲ್ಲಿ ಇಪ್ಪತ್ತೆರಡು ಅಂಕಣಗಳು. ಒಂದರಲ್ಲಿ ಬೆಂಕಿ ಉರಿಯುತ್ತಿರುವಾಗ ಮುಂದಿನದರಲ್ಲಿ ಕಲ್ಲು ಬಿಸಿಯಾಗುತ್ತಿರುತ್ತದೆ, ಹಿಂದಿನದರಲ್ಲಿ ಬೆಂದ ಸುಣ್ಣ ಆರುತ್ತಿರುತ್ತದೆ. ಬೆಂಕಿ ಆರದೆ ಅಂಕಣದಿಂದ ಅಂಕಣಕ್ಕೆ ಸುತ್ತುತ್ತಿರುತ್ತದೆ. ಈ ವಿಧಾನ ಜರ್ಮನಿಯ ಫ್ರೀಡ್ರಿಶ್ ಹಾಫ್‌ಮನ್‌ನದು, ಗೂಡಿಗೂ ಅವನದೇ ಹೆಸರು. ಈಗ ಒಳಗೆ ಕತ್ತಲೆ, ತಂಪು, ಮೇಲಿಂದ ತೊಟ್ಟಿಕ್ಕುವ ನೀರು. ಅಮ್ಮ ಒಳಗೋಡೆಯ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ನಡೆದಳು. ತಮ್ಮೂರಿನ ಗೂಡಿನ ಹೊಗೆಗೆ ಕಣ್ಣು ಉರಿಯುತ್ತಿದ್ದುದನ್ನೂ, ಕೆಲಸದವರ ಅಂಗೈ ಬಿರಿದಿರುತ್ತಿದ್ದುದನ್ನೂ ಮೊಮ್ಮಗಳಿಗೆ ಹೇಳಿದಳು. ನಾನು ಅದುವರೆಗೆ ಅವಳಿಂದ ಆ ಮಾತುಗಳನ್ನು ಕೇಳಿರಲಿಲ್ಲ.

ಅಲ್ಲಿಂದ ಮತ್ತೆ ರೈಲಿನಲ್ಲಿ ರಿಬಲ್‌ಹೆಡ್‌ಗೆ ಹೋಗಿ, ಇಪ್ಪತ್ನಾಲ್ಕು ಕಮಾನುಗಳ ರೈಲುಸೇತುವೆಯ ಕೆಳಗೆ ಕುಳಿತು ಬುತ್ತಿ ಬಿಚ್ಚಿದೆವು. ಅತ್ಯಂತ ಎತ್ತರದಲ್ಲಿ 104 ಅಡಿ. ಅದನ್ನು ಕಟ್ಟುವಾಗ ಸತ್ತ ಕೂಲಿಗಳು ಬಹಳ ಮಂದಿ. ಹತ್ತಿರದ ಚಾಪಲ್‌-ಲಿ-ಡೇಲ್‌ನ ಚರ್ಚಿನ ಅಂಗಳದಲ್ಲಿ ಅವರನ್ನೂ ಅವರ ಮಕ್ಕಳುಮರಿಗಳನ್ನೂ ಹೂಳಿದ್ದಾರೆ. ಆ ಬಯಲಿನ ಗಾಳಿಗೆ ಚಪಾತಿ ತಟ್ಟೆಯಿಂದ ಹಾರಿತೆಂದರೆ ನೀನು ನಂಬಲಾರೆ. ಆ ಗಾಳಿ ಮಳೆಗಳ ನಡುವೆ 1870ರ ದಶಕದಿಂದ ರೈಲುಗಳನ್ನು ಹೊತ್ತು ನಿಂತಿರುವ ಆ ಕಲ್ಲುಗಳನ್ನು ಹಿಡಿದಿರುವುದೂ ಸುಣ್ಣದ ಗಾರೆಯೇ, ನೀರಿನಲ್ಲೂ ಗಟ್ಟಿಯಾಗುವ ಬಗೆಯದು. ಸುಣ್ಣದ ಕೆಲಸ ಬಲವಿಲ್ಲದ್ದು ಎಂದು ನಿನ್ನ ಮೇಸ್ತ್ರಿ ಹೇಳಿದನಂತಲ್ಲ, ಅವನಿಗೆ ಈ ಸೇತುವೆಯ ಚಿತ್ರವನ್ನು ತೋರಿಸು, ಇದರೊಂದಿಗೆ ಕಳುಹಿಸಿದ್ದೇನೆ.

ಈಗ ನಮ್ಮ ಗೋಡೆಗೆ ಸುಣ್ಣ ಬಳಿದಾಗಿದೆ. ಉಪ್ಪು ಮತ್ತೆ ಎದ್ದಿಲ್ಲ, ಒದ್ದೆ ಗೋಣಿಯ ವಾಸನೆ ಹೋಗಿದೆ. ನಿಜವಾದ ಪರೀಕ್ಷೆ ಮುಂದಿನ ಫೆಬ್ರವರಿಗೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಹೆಚ್ಚಿನ ಕೆಲಸ ಮಾಡಿದ್ದು ಸುಣ್ಣವಲ್ಲ, ದಂಬೆ ಮತ್ತು ಅಂಗಳ. ಸುಣ್ಣ ಮಾಡಿದ್ದು ಒಳಗುಳಿದ ನೀರನ್ನು ಹೊರಗೆ ಬಿಟ್ಟದ್ದು ಮಾತ್ರ. ಇದರ ಇನ್ನೊಂದು ಪರಿಣಾಮವನ್ನೂ ಹೇಳಬೇಕು. ಸಂಜೆ ನಾವು ಕಾಲುವೆಯ ದಂಡೆಗುಂಟ ಸಾಲ್ಟೇರ್‌ವರೆಗೆ ನಡೆಯುವುದುಂಟು. 1853ರಲ್ಲಿ ಆರಂಭವಾದ ಉಣ್ಣೆಯ ಗಿರಣಿಗಾಗಿ ಕಟ್ಟಿಸಿದ ಊರು, ಈಗ ಯುನೆಸ್ಕೊ ಪಟ್ಟಿಯಲ್ಲಿದೆ. ಅಲ್ಲಿ ನಾನು ಊರನ್ನು ನೋಡುವುದನ್ನು ಬಿಟ್ಟು ಪ್ರತಿಯೊಂದು ಮನೆಯ ಕಲ್ಲಿನ ಸಂದಿಗೆ ಮೂಗು ತಾಗಿಸಿ ನಿಲ್ಲುತ್ತೇನೆಂದು, ಕಿಟಕಿಯ ಒಳಗಿನವರು ಪೊಲೀಸರನ್ನು ಕರೆಯುವ ದಿನ ದೂರವಿಲ್ಲವೆಂದು ನಿನ್ನ ಅತ್ತಿಗೆಯ ದೂರು.

ನಿನ್ನ ಅಡುಗೆಮನೆಯ ಗೋಡೆಯ ವಿಷಯಕ್ಕೆ ಬರುತ್ತೇನೆ. ನನಗೆ ನೆನಪಿರುವಂತೆ ಅದರ ಹಿಂದೆ ಎತ್ತರದ ಮಣ್ಣಿನ ಧರೆ ಇದೆ. ಧರೆಯ ಮಣ್ಣು ಮಳೆಮಳೆಗೂ ಜರಿದು ಗೋಡೆಯ ಬುಡಕ್ಕೆ ಬಂದು ಕೂರುತ್ತಿತ್ತು, ನಿನ್ನ ಅಪ್ಪ ಪ್ರತಿ ವರ್ಷ ಅದನ್ನು ತೆಗೆಸುತ್ತಿದ್ದರು. ಈಗ ತೆಗೆಸಿ ಎಷ್ಟು ವರ್ಷವಾಯಿತು? ಬಚ್ಚಲಿನ ನೀರು ಹೋಗುವ ಹರಣಿ ಕಸ ತುಂಬಿ ಕಟ್ಟಿಕೊಂಡಿಲ್ಲವಷ್ಟೆ? ಸೂರಿನ ಹಂಚು ಗೋಡೆಯನ್ನು ದಾಟಿ ಸಾಕಷ್ಟು ಮುಂದಕ್ಕೆ ಚಾಚಿದೆಯೇ? ಮಳೆ ಬರುತ್ತಿರುವಾಗಲೇ ಕೊಡೆ ಹಿಡಿದು ಹೋಗಿ ಹತ್ತು ನಿಮಿಷ ನಿಂತು ನೋಡು, ಅದಕ್ಕೆ ಖರ್ಚಿಲ್ಲ. ಮಣ್ಣು ತೆಗೆಸಿ, ನೀರು ಬೇರೆ ಕಡೆ ಹರಿಯುವಂತೆ ಮಾಡಿ, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಡು. ಆಮೇಲೆ ಸುಣ್ಣದ ಗಾರೆ ಗೊತ್ತಿರುವವರನ್ನು ಹುಡುಕು; ಹಳೆಯ ದೇವಸ್ಥಾನಗಳ ಜೀರ್ಣೋದ್ಧಾರದಲ್ಲಿ ಕೆಲಸ ಮಾಡಿದ ಮುದುಕರು ಯಾರಾದರೂ ಸಿಗಬಹುದು. ನೀರು ತಡೆಯುವ ಬಣ್ಣವನ್ನಂತೂ ಹತ್ತಿರ ಸೇರಿಸಬೇಡ. ಅಮ್ಮ ಅಕ್ಟೋಬರ್ ಕೊನೆಯಲ್ಲಿ ಊರಿಗೆ ಬರುತ್ತಾಳೆ, ಬಂದ ವಾರದಲ್ಲೇ ನಿನ್ನ ಗೋಡೆಯನ್ನು ನೋಡುವವಳಿದ್ದಾಳೆ.

ಸಿಮೆಂಟ್ ಚೀಲಗಳನ್ನು ಆಗಲೇ ಇಳಿಸಿಕೊಂಡಿದ್ದರೆ ಅದಕ್ಕೂ ಅವಳ ಬಳಿ ಪರಿಹಾರವಿದೆ: ನಿನ್ನ ಕೊಟ್ಟಿಗೆಯ ನೆಲ ಹೊಂಡ ಬಿದ್ದು ಎಷ್ಟೋ ವರ್ಷವಾಯಿತಂತೆ.

ನಿನ್ನ ಮನೆಯವರೆಲ್ಲರಿಗೂ ನಮ್ಮೆಲ್ಲರ ನಮಸ್ಕಾರ ತಿಳಿಸು.

ಇಂತು ನಿನ್ನ
ಗೆಳೆಯ