ಬಸುರಿಯ ಬೆಳಗಿನ ಮಾತ್ರೆ: ಸೀನನಿಗೊಂದು ಪತ್ರ

ಲೋ ಸೀನ,

ಸುಮಾ ಬಸುರಿ, ಥೈರಾಯ್ಡ್ ಹಾರ್ಮೋನ್ ಕಮ್ಮಿ ಅಂತ ತಗೊಳ್ತಿರೋ ಮಾತ್ರೆ ಇನ್ನು ನಿಲ್ಲಿಸಬೇಕಾ ಅಂತ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಇದು. ಎಲ್ಲರೂ ಓದೋ ಹಾಗೆ ಬರೆಯೋಕೆ ಅವಳು ಒಪ್ಪಿದಳು, ಅದಕ್ಕೇ ನಿಮ್ಮಿಬ್ಬರ ಹೆಸರು ಬದಲಿಸಿ ಇಲ್ಲೇ ಬರೀತಿದ್ದೀನಿ.

ಬಸುರಿ ಅಂತ ಥೈರಾಯ್ಡ್ ಮಾತ್ರೆ ನಿಲ್ಲಿಸೋ ಹಾಗಿಲ್ಲ. ಮಗುವಿನ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡೋದು ಐದನೇ ತಿಂಗಳ ಹೊತ್ತಿಗೆ. ಅಲ್ಲಿವರೆಗೆ ಅದರ ಮಿದುಳಿಗೆ ತಾಯಿಯ ಹಾರ್ಮೋನೇ ಗತಿ. ನಿಲ್ಲಿಸೋದಿರಲಿ, ಹೆಚ್ಚಿಸಬೇಕು. ಮೊದಲಿನಿಂದ ತಗೊಳ್ತಿರೋರಿಗೆ ಸಾಮಾನ್ಯವಾಗಿ ವಾರಕ್ಕೆ 7ರ ಬದಲು 9 ಮಾತ್ರೆ, ಅಂದರೆ ವಾರದಲ್ಲಿ ಎರಡು ದಿನ ಎರಡೆರಡು. ಅವಳಿಗೆ ಎಷ್ಟು ಅನ್ನೋದನ್ನ ಡಾಕ್ಟರ್ ಹೇಳಲಿ. ಆದರೆ ಫೋನ್ ಇವತ್ತೇ ಹೋಗಲಿ, ಸ್ಕ್ಯಾನಿಂಗ್ ದಿನದವರೆಗೆ ಕಾಯಬೇಡ.

ಟಿಎಸ್‌ಎಚ್, ಅಂದರೆ ಥೈರಾಯ್ಡ್ ಹಾರ್ಮೋನ್ ಸಾಕಷ್ಟಿದೆಯಾ ಅಂತ ತೋರಿಸೋ ರಕ್ತಪರೀಕ್ಷೆ, ನಾಲ್ಕು ವಾರಕ್ಕೊಮ್ಮೆ, 20ನೇ ವಾರದವರೆಗೆ. ಆಮೇಲೆ 30ರ ಸುಮಾರಿಗೆ ಒಮ್ಮೆ. 2.5ರ ಕೆಳಗಿರಬೇಕು. ಲ್ಯಾಬ್ ರಿಪೋರ್ಟಿನಲ್ಲಿ 4 ದಾಟಿದರೂ ಎಷ್ಟೋ ಸಲ ನಾರ್ಮಲ್ ಅಂತಲೇ ಇರುತ್ತೆ; ಆ ಲೆಕ್ಕ ಬಸುರಿಯರದ್ದಲ್ಲ.

ಎಡವಟ್ಟಾಗೋದು ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಲ್ಲಿ. ಮರೆಯಬಾರದು ಅಂತ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ ಒಟ್ಟಿಗೆ ನುಂಗ್ತಾರೆ. ಹೊಟ್ಟೆಯಲ್ಲೇ ಇವು ಥೈರಾಯ್ಡ್ ಮಾತ್ರೆಯನ್ನ ಹಿಡಿದುಕೊಳ್ತವೆ, ರಕ್ತಕ್ಕೆ ಸೇರೋದೇ ಕಮ್ಮಿ. ನಡುವೆ ನಾಲ್ಕು ಗಂಟೆ ಬೇಕು. ಬೆಳಿಗ್ಗೆ 6ಕ್ಕೆ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, 7ರವರೆಗೆ ಕಾಫಿ ಇಲ್ಲ (ಇದನ್ನ ಅವಳಿಗೆ ನೀನೇ ಹೇಳು, ನನಗೆ ಧೈರ್ಯವಿಲ್ಲ), ಮಧ್ಯಾಹ್ನ ಕಬ್ಬಿಣ, ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ. ಬೆಳಿಗ್ಗೆ ವಾಂತಿ ಜಾಸ್ತಿಯಾದರೆ ಊಟವಾಗಿ ಮೂರು ಗಂಟೆ ಬಿಟ್ಟು ಮಲಗೋ ಮುಂಚೆ ಥೈರಾಯ್ಡ್ ಮಾತ್ರೆ ತಗೋಬಹುದು. ಆಗ ರಾತ್ರಿಯ ಕ್ಯಾಲ್ಸಿಯಂ ಹಗಲಿಗೆ ಹೋಗಬೇಕು.

ನಿಜ ಹೇಳ್ತೀನಿ ಕಣೋ, ಇಂಥ ಸಿಹಿ ಸುದ್ದಿ ಯಾರು ಹೇಳಿದರೂ ಈಗೀಗ ನನಗೆ ಮೊದಲು ಬರೋದು ಭಯ. ಹಾರ್ಮೋನಿನ ಬೇಡಿಕೆ ಏರೋದು 4-6ನೇ ವಾರದಿಂದಲೇ. ನಮ್ಮಲ್ಲಿ ಮೂರು ತಿಂಗಳು ತುಂಬೋವರೆಗೆ ಬಾಯಿಬಿಡಬಾರದು ಅಂತಾರಲ್ಲ, ಸರಿಯಾಗಿ ಅದೇ ವಾರಗಳು. ಊರಿಗೆ ಬಚ್ಚಿಡಲಿ, ಡಾಕ್ಟರಿಗೂ ಯಾಕೆ? ಮಾತ್ರೆ ಅಗ್ಗ, ಪರೀಕ್ಷೆ ಸುಲಭ; ಕೈತಪ್ಪೋದು ಸಮಯ ಒಂದೇ. ಖುಷಿಪಡೋಕೆ ಮುಂಚೆ ವಾರ ಲೆಕ್ಕ ಹಾಕೋ ಮನುಷ್ಯನಾಗಿಬಿಟ್ಟಿದ್ದೀನಿ. ನಾಮಕರಣಕ್ಕೆ ಕರೆಯೋಕೂ ಯೋಚಿಸ್ತೀಯೇನೋ.

ಕರೆ, ಬರ್ತೀನಿ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹಳೇ ಡೋಸಿಗೇ ವಾಪಸ್, ಆರು ವಾರಕ್ಕೆ ಮತ್ತೆ ಟಿಎಸ್‌ಎಚ್. ಹಾಲೂಡಿಸೋಕೆ ತೊಂದರೆಯಿಲ್ಲ. ಮಾತ್ರೆ ಬಾಟಲಿಯನ್ನ ಮಾತ್ರ ಒಲೆ ಪಕ್ಕ ಇಡಬೇಡ, ಬಿಸಿಗೆ ಸತ್ವ ಕುಗ್ಗುತ್ತೆ.

ಇನ್ನೂ ಬರೆದರೆ ಹಳೇ ಅಡ್ಡಹೆಸರಲ್ಲೇ ಕರೀತೀಯ.

ನಿನ್ನ,
ಕಾಂಪೌಂಡರ್