ಕೋಡ್ ಅಳಿಸುವ ಮೊದಲು

ಬಸವನಗುಡಿ, ಬೆಂಗಳೂರು

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮೆಸೇಜ್ ಓದಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಇಷ್ಟು. ಮಳೆಯಲ್ಲಿ ಔಟರ್ ರಿಂಗ್ ರೋಡ್ ಮೇಲೆ ಹೋಗುವಾಗ ನಿನ್ನ 2007ರ ಪೋರ್ಶೆ ಬಾಕ್ಸ್‌ಟರ್ ಕಾರು ಇದ್ದಕ್ಕಿದ್ದಂತೆ ನಡುಗಿತು. ಇಂಜಿನ್ ಚಿತ್ರದ ಹಳದಿ ದೀಪ ಮಿನುಗಿತು. ಆಮೇಲೆ ಮಿನುಗುವುದು ನಿಂತು ಸುಮ್ಮನೆ ಉರಿಯತೊಡಗಿತು. ಮಾರನೇ ದಿನ ಬಿಸಿಲು ಬಂದಾಗ ಗಾಡಿ ಚೆನ್ನಾಗಿಯೇ ಓಡಿತು, ದೀಪ ಮಾತ್ರ ಆರಲಿಲ್ಲ. ಗ್ಯಾರೇಜಿನವರು ಸ್ಕ್ಯಾನರ್ ಕೂಡ ಹಾಕದೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್, ಆಕ್ಸಿಜನ್ ಸೆನ್ಸರ್, ಫ್ಯೂಯಲ್ ಪಂಪ್ ಎಲ್ಲ ಬದಲಾಯಿಸೋಣ ಅಂದರು. ಒಪ್ಪಬೇಡ ಪುಟ್ಟಿ. ಅದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಒಂದು ಕಲ್ಲು ತಗುಲಿದರೂ ಯಾವುದು ತಗುಲಿತು ಅಂತ ಗೊತ್ತಾಗುವುದಿಲ್ಲ, ದುಡ್ಡು ಮಾತ್ರ ಎಲ್ಲದಕ್ಕೂ ಹೋಗಿರುತ್ತೆ.

ಮೊದಲು ದೀಪದ ಬಣ್ಣ ನೋಡುವ ಅಭ್ಯಾಸ ಮಾಡಿಕೋ. ಕೆಂಪು ಅಂದರೆ ನಿಲ್ಲಿಸು. ಆಯಿಲ್ ಪ್ರೆಶರ್ ದೀಪ ಕೆಂಪಾದರೆ ಮನೆ ಹತ್ತಿರವೇ ಇದೆ ಅಂತ ಓಡಿಸಬೇಡ. ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ ಕಾರನ್ನು ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಗಾಡಿ ಕರೆಸು. ಹಳದಿ ಇಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದು, ಗಾಡಿಯ ಓಟದಲ್ಲಿ ವ್ಯತ್ಯಾಸ ಇಲ್ಲದಿದ್ದರೆ ನಿಧಾನವಾಗಿ ಮನೆ ಸೇರಬಹುದು. ಆದರೆ ಅದೇ ಹಳದಿ ದೀಪ ಮಿನುಗಿದರೆ ಲೆಕ್ಕ ಬೇರೆ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಗ್ಯಾರೇಜಿನವರು ಮಿಸ್ಸಿಂಗ್ ಅನ್ನುತ್ತಾರಲ್ಲ, ಅದು. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತೆ. ಆ ಕಾವಿಗೆ ಅದರ ಒಳಗಿನ ಜಾಲರಿಯೇ ಕರಗಿ ಹೋಗಬಹುದು. ಒಂದು ಕಾಯಿಲ್‌ಗೆ ಮುಗಿಯಬೇಕಾದ ಖರ್ಚು ಕನ್ವರ್ಟರ್ ತನಕ ಬೆಳೆಯುವುದು ಹೀಗೆ. ಹಾಗಾಗಿ ಮಿನುಗಿದ ಕೂಡಲೇ ಆಕ್ಸಿಲರೇಟರ್ ಬಿಡು. ನಿಲ್ಲಿಸಲು ಜಾಗ ಸಿಕ್ಕ ಕಡೆ ನಿಲ್ಲಿಸು.

ಈಗ ಮುಖ್ಯವಾದ ಮಾತು. ದೀಪ ಹತ್ತಿದಾಗ ಏನು ತೊಂದರೆ ಅಂತ ಗಾಡಿಯ ಕಂಪ್ಯೂಟರ್ ಒಂದು ಕೋಡ್ ಬರೆದಿಡುತ್ತೆ. ಯಾರೇ ಆಗಲಿ ಕೋಡ್ ಅಳಿಸುವುದಕ್ಕೆ ಮೊದಲು ನೀನು ಅದನ್ನು ಓದಿ ಬರೆದುಕೊಳ್ಳಬೇಕು. ಸ್ಟಿಯರಿಂಗ್ ಕೆಳಗೆ, ಕಾಲಿಡುವ ಜಾಗದ ಮೇಲ್ಗಡೆ, ಆ ಕೋಡ್ ಓದಲು ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಓಬಿಡಿ ಸಾಕೆಟ್ ಇದೆ. ಸಣ್ಣದೊಂದು ಸ್ಕ್ಯಾನರ್ ಕೊಂಡುಕೋ. ಪಿ0304 ಅಂತ ಬಂದರೆ ನಾಲ್ಕನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಪಿ0300 ಅಂದರೆ ಒಂದೇ ಸಿಲಿಂಡರ್ ಅಂತ ಹೇಳಲಾಗದ ಮಿಸ್ಸಿಂಗ್. ಪಿ ಆದ ಮೇಲೆ ಸೊನ್ನೆ ಇದ್ದರೆ ಅದು ಎಲ್ಲ ಕಂಪನಿಗೂ ಒಂದೇ ಅರ್ಥದ ಕೋಡ್. 1 ಇದ್ದರೆ ಆ ಕಂಪನಿಯದೇ ಕೋಡ್, ಅದಕ್ಕೆ ಪೋರ್ಶೆ ಗೊತ್ತಿರುವ ಸ್ಕ್ಯಾನರ್ ಬೇಕು.

ಕೋಡ್ ಜೊತೆ ಫ್ರೀಜ್ ಫ್ರೇಮ್ ಅಂತ ಒಂದು ಪುಟ ಇರುತ್ತೆ. ಜಾಸ್ತಿ ಜನ ಅದನ್ನು ತೆರೆದೇ ನೋಡುವುದಿಲ್ಲ, ನನಗೆ ಅದೇ ಬೇಜಾರು. ತೊಂದರೆ ಆದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಎಲ್ಲ ಅಲ್ಲಿ ಉಳಿದಿರುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಆದದ್ದಾ, ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಕಾದು ನಿಂತಾಗ ಆದದ್ದಾ ಅಂತ ಅದರಿಂದಲೇ ತಿಳಿಯುತ್ತೆ. ಕೋಡ್ ಅಳಿಸಿದರೆ ಇದೂ ಹೋಯಿತು. ಬ್ಯಾಟರಿ ತಂತಿ ಬಿಚ್ಚಿ ಹಾಕಿದರೂ ಹೋಗಬಹುದು. ದೀಪ ಆರಿಸಿ ಕೊಟ್ಟಿದ್ದೇವೆ ಅಂತ ಯಾರಾದರೂ ಹೇಳಿದರೆ, ಏನು ಓದಿಕೊಂಡು ಆರಿಸಿದಿರಿ ಅಂತ ಕೇಳು. ಸಂಕೋಚ ಬೇಡ, ಗಾಡಿ ನಿನ್ನದು.

ನನ್ನ ಅನುಮಾನ ಕಾಯಿಲ್ ಮೇಲೇ ಇದೆ. ಮಳೆಯಲ್ಲಿ ನಡುಗಿ, ಒಣಗಿದ ಮೇಲೆ ಸರಿಹೋಗಿದೆ ಅಲ್ವಾ? ಈ ಇಂಜಿನ್ನಿನ ಆರು ಸಿಲಿಂಡರ್ ಎರಡು ಪಕ್ಕಕ್ಕೆ ಮಲಗಿವೆ. ಒಂದೊಂದು ಪ್ಲಗ್ಗಿಗೆ ಒಂದೊಂದು ಕಾಯಿಲ್. ಅವು ತೀರಾ ಕೆಳಗಿವೆ, ಎಕ್ಸಾಸ್ಟ್ ಕಾವು ತಾಕುವ ಹತ್ತಿರ, ಹಿಂದಿನ ಚಕ್ರ ಎರಚುವ ನೀರು ಬೀಳುವ ಹತ್ತಿರ. ವರ್ಷಾನುಗಟ್ಟಲೆ ಕಾದು ತಣಿದು ಅದರ ಪ್ಲಾಸ್ಟಿಕ್ ಬಿರುಕು ಬಿಡುತ್ತೆ. ಬಿರುಕಿಗೆ ತೇವ ಇಳಿದರೆ ಕರೆಂಟ್ ಪ್ಲಗ್ಗಿಗೆ ತಲುಪದೆ ಪಕ್ಕದ ಲೋಹಕ್ಕೆ ಹಾರಿಹೋಗುತ್ತೆ.

ಇದನ್ನು ಪರೀಕ್ಷಿಸಲು ಹೊಸ ಸಾಮಾನು ಒಂದೂ ಬೇಡ. ಪಿ0304 ಬಂದಿದೆ ಅಂದುಕೋ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಲಿಫ್ಟ್ ಇರುವ ಗ್ಯಾರೇಜಿನಲ್ಲಿ, ನಾಲ್ಕನೇ ಕಾಯಿಲ್ ತೆಗೆದು ಪಕ್ಕದ ಐದಕ್ಕೆ ಹಾಕಿಸು, ಐದರದ್ದನ್ನು ನಾಲ್ಕಕ್ಕೆ. ಬೇರೆ ಏನನ್ನೂ ಮುಟ್ಟಬಾರದು. ಬರೆದುಕೊಂಡ ಮೇಲೆ ಕೋಡ್ ಅಳಿಸಿ ಓಡಿಸಿ ನೋಡು. ಈಗ ಪಿ0305 ಬಂದರೆ ತಪ್ಪು ಆ ಕಾಯಿಲ್‌ನದು, ಕೋಡ್ ಅದರ ಜೊತೆಗೇ ಹೋಯಿತು. ನಾಲ್ಕರಲ್ಲೇ ಉಳಿದರೆ ಪ್ಲಗ್ ಬಿಚ್ಚಿ ನೋಡಬೇಕು, ಆಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್. ಕೋಡ್ ಬರದೇ ಹೋದರೆ ಅವಸರ ಮಾಡಬೇಡ, ಮುಂದಿನ ಮಳೆ ತನಕ ಕಾಯಿ. ಕಾಯಿಲ್ ಕೈಯಲ್ಲಿ ಹಿಡಿದಾಗ ಟಾರ್ಚ್ ಬಿಟ್ಟು ನೋಡು, ಬಿರುಕು ಕೆಲವು ಸಲ ಕಣ್ಣಿಗೇ ಕಾಣುತ್ತೆ. ಒಂದು ಬಿರುಕು ಬಿಟ್ಟಿದ್ದರೆ ಅದೇ ವಯಸ್ಸಿನ ಉಳಿದ ಐದನ್ನೂ ನೋಡಿಸು. ಆಗ ಆರನ್ನೂ ಬದಲಾಯಿಸಿದರೆ ಅದಕ್ಕೊಂದು ಕಾರಣ ಇರುತ್ತೆ. ಪ್ಲಗ್ಗಿಗೆ ಕಿಲೋಮೀಟರ್ ಲೆಕ್ಕದ ಜೊತೆ ವರ್ಷದ ಲೆಕ್ಕವೂ ಇದೆ, ಮ್ಯಾನ್ಯುಯಲ್ ನೋಡು. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೋದರೆ ಹತ್ತು ಥರ ಬೆಲೆಯ ಕಾಯಿಲ್ ತೋರಿಸುತ್ತಾರೆ. ಇದೊಂದರಲ್ಲಿ ಅಗ್ಗದ್ದನ್ನು ಹುಡುಕಬೇಡ.

ಇಷ್ಟೆಲ್ಲ ಮಾಡುವ ಮೊದಲು ಬ್ಯಾಟರಿ ನೋಡಿಬಿಡು. ವಾರಗಟ್ಟಲೆ ಬೇಸ್‌ಮೆಂಟ್‌ನಲ್ಲಿ ನಿಲ್ಲುವ ಗಾಡಿ ಅದು. ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ಹತ್ತಿರ ಇರಬೇಕು. ಇಂಜಿನ್ ಓಡುವಾಗ 13.5ರಿಂದ 14.5ರ ಒಳಗೆ. ಕರೆಂಟ್ ಕಡಿಮೆಯಾದರೆ ಎಬಿಎಸ್ ದೀಪ, ಸ್ಟೆಬಿಲಿಟಿ ದೀಪ ಎಲ್ಲ ಒಟ್ಟಿಗೆ ಹತ್ತಿ ಸುಳ್ಳು ಭಯ ಹುಟ್ಟಿಸುತ್ತವೆ. ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ. ಪೂರ್ತಿ ಸತ್ತರೆ ಆ ಡಿಕ್ಕಿಯ ಸ್ವಿಚ್ ಕೆಲಸ ಮಾಡುವುದಿಲ್ಲ. ಫ್ಯೂಸ್ ಬಾಕ್ಸಿನಲ್ಲಿ ಎಳೆದು ಹೊರಗೆ ತೆಗೆಯುವ ಒಂದು ಪ್ಲಸ್ ಟರ್ಮಿನಲ್ ಇದೆ, ಅಲ್ಲಿಗೆ ಕರೆಂಟ್ ಕೊಟ್ಟು ತೆರೆಯಬೇಕು. ಅದು ಎಲ್ಲಿದೆ ಅಂತ ಈಗಲೇ ನೋಡಿಟ್ಟುಕೋ.

ಒಂದು ವೇಳೆ ಬಂದದ್ದು ಮಿಸ್ಸಿಂಗ್ ಕೋಡ್ ಆಗಿರದೆ ಲೀನ್ ಅನ್ನುವ ಕೋಡ್ ಆಗಿದ್ದರೆ, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಅಂತ ಇದ್ದರೆ, ದಾರಿ ಬೇರೆ. ಹಿಂದಿನ ಡಿಕ್ಕಿಯಲ್ಲಿರುವ ಆಯಿಲ್ ಕ್ಯಾಪ್ ಬಿಗಿಯಾಗಿದೆಯಾ, ಗಾಳಿ ಪೈಪ್ ಎಲ್ಲಾದರೂ ಸೀಳಿದೆಯಾ ನೋಡಿಸು. ಇಂಜಿನ್ ಓಡುವಾಗ ಆಯಿಲ್ ಕ್ಯಾಪ್ ಎತ್ತಲು ಬಾರದಷ್ಟು ಒಳಗೆ ಎಳೆಯುತ್ತಿದ್ದು, ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ದಟ್ಟವಾಗಿ ಬಂದರೆ ಇಂಜಿನ್ನಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಏರ್ ಆಯಿಲ್ ಸೆಪರೇಟರ್ ಹರಿದಿರಬಹುದು. ಪೆಟ್ರೋಲನ್ನೂ ಮರೆಯಬೇಡ. 20% ಎಥೆನಾಲ್ ಸೇರಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು. 2007ರ ಗಾಡಿ ಅದಕ್ಕೆಂದು ಮಾಡಿದ್ದಲ್ಲ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ತೇವವನ್ನೂ ಎಳೆದುಕೊಳ್ಳುತ್ತೆ. ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡ.

ಕೂಲಂಟ್ ಮಾತು ಬೇಗ ಮುಗಿಸುತ್ತೇನೆ. ಇಂಜಿನ್ ಹಿಂದೆ ಇದ್ದರೂ ರೇಡಿಯೇಟರ್ ಮೂತಿಯಲ್ಲಿದೆ. ನಮ್ಮ ರಸ್ತೆಗಳ ಒಣ ಎಲೆ, ಪ್ಲಾಸ್ಟಿಕ್ ಚೂರು ಎಲ್ಲ ಆ ಕಂಡಿಗಳಲ್ಲಿ ಸೇರುತ್ತೆ. ಆಗಾಗ ತೆಗೆಸು. ಬಿಸಿ ಇರುವಾಗ ಕೂಲಂಟ್ ಮುಚ್ಚಳ ತೆಗೆಯಲೇಬೇಡ.

ಇನ್ನೊಂದು ವಿಷಯದಲ್ಲಿ ನನ್ನ ಮಾತು ಮೀರಬೇಡ. ನಿಂತ ನೀರಿಗೆ ಈ ಗಾಡಿ ಇಳಿಸಬೇಡ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್ ನೀರಿನಲ್ಲಿ ಕಾರು ಸಿಕ್ಕಿ ನಿನ್ನ ವಯಸ್ಸಿನ ಹುಡುಗಿಯೊಬ್ಬಳು ತೀರಿಕೊಂಡಳು. ನಿನ್ನದು ನೆಲಕ್ಕೆ ಅಷ್ಟು ಹತ್ತಿರದ ಗಾಡಿ. ಮುಂದಿನವರು ದಾಟಿದರು ಅಂತ ನೀನು ಹೋಗಬೇಡ, ತಿರುಗಿಸಿಕೊಂಡು ಬಾ. ತಡವಾದರೆ ಆಗಲಿ.

ಸ್ಕ್ಯಾನರ್ ಬಂದ ಮೇಲೆ ಕೋಡ್ ಮತ್ತು ಫ್ರೀಜ್ ಫ್ರೇಮ್ ಎರಡರ ಫೋಟೋ ಕಳಿಸು, ಬ್ಯಾಟರಿ ವೋಲ್ಟೇಜ್ ಕೂಡ ಬರೆ. ಅದನ್ನು ನೋಡಿ ಯಾವ ಗ್ಯಾರೇಜಿಗೆ ಹೋಗೋಣ ಅಂತ ಹೇಳುತ್ತೇನೆ, ಕಾಯಿಲ್ ಬದಲಿಸುವ ದಿನ ನಾನೂ ಬರುತ್ತೇನೆ. ಅಲ್ಲಿಯ ತನಕ ಆಫೀಸಿಗೆ ಮೆಟ್ರೋದಲ್ಲಿ ಹೋಗು.

ಇಂತಿ,
ನಿನ್ನ ಮಾವ