ಮಗಳಿಗೊಂದು ಪತ್ರ: ಖಾಲಿ ಟ್ಯೂಬಿನ ವಿಷಯ

ಪ್ರೀತಿಯ ಸಿಂಧು,

ರಕ್ತದ ಮಾದರಿಗಳಲ್ಲಿ ಸಿಕ್ಕ ಬ್ರಾಡಿರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾದ ಡಿಎನ್‌ಎ, ಮಾದರಿಯೇ ಹಾಕದ ಖಾಲಿ ಟ್ಯೂಬಿನಲ್ಲೂ ಇದೆ, ಪೇಪರ್ ವಾಪಸ್ ತಗೋಬೇಕು ಅಂತ ನೀನು ಫೋನಿನಲ್ಲಿ ಅತ್ತುಬಿಟ್ಟೆ. ಸಮಾಧಾನ ಹೇಳೋ ಹೊತ್ತಲ್ಲಿ ನಾನು ಪಾಠ ಶುರು ಮಾಡಿದೆ. ಬೇಜಾರು ಮಾಡ್ಕೋಬೇಡ. ಈ ಪತ್ರವೂ ಅದೇ ದಾರಿ ಹಿಡಿಯುತ್ತೋ ಏನೋ.

ಮಣ್ಣಿನಲ್ಲಿ, ಬೇರಿನಲ್ಲಿ ಬದುಕೋ ಬ್ಯಾಕ್ಟೀರಿಯಾ ರೋಗಿಯ ರಕ್ತದಲ್ಲಿ ಕಂಡರೆ ಮೊದಲು ಡಿಎನ್‌ಎ ಬೇರ್ಪಡಿಸೋ ಕಿಟ್ಟನ್ನೇ ಅನುಮಾನಿಸಬೇಕು. ರಾಲ್‌ಸ್ಟೋನಿಯಾ, ಸ್ಫಿಂಗೋಮೊನಾಸ್, ಮಿಥೈಲೋಬ್ಯಾಕ್ಟೀರಿಯಂ ಎಲ್ಲ ಅದೇ ಪಟಾಲಂ. ಕಿಟ್ಟಿನ ಬಫರು ದ್ರಾವಣ, ಪಿಸಿಆರ್ (ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡಿ ಹೆಚ್ಚಿಸೋ ವಿಧಾನ) ಎಂಜೈಮು ಎಲ್ಲದರಲ್ಲೂ ಇವುಗಳ ಡಿಎನ್‌ಎ ಚೂರು ಇದ್ದೇ ಇರುತ್ತೆ. ಆಟೋಕ್ಲೇವಿನ ಬಿಸಿ ಹಬೆಗೆ ಹಾಕಿದರೆ ಜೀವ ಹೋಗುತ್ತೆ, ಡಿಎನ್‌ಎ ಪೂರ್ತಿ ಹೋಗಲ್ಲ. ಮಲದ ಮಾದರಿಯಲ್ಲಿ ಗ್ರಾಮಿಗೆ ಹತ್ತು ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾ, ಅಲ್ಲಿ ಈ ಚೂರು ಲೆಕ್ಕಕ್ಕಿಲ್ಲ. ಬ್ಯಾಕ್ಟೀರಿಯಾ ಇಲ್ಲವೆನ್ನುವಷ್ಟು ಕಮ್ಮಿ ಇರೋ ರಕ್ತದಲ್ಲಿ ಅದೇ ಯಜಮಾನ.

2014ರಲ್ಲಿ ಸಾಲ್ಟರ್ ತಂಡ ಸಾಲ್ಮೊನೆಲ್ಲಾ ಬೊಂಗೋರಿ ಅನ್ನೋ ಒಂದೇ ಬ್ಯಾಕ್ಟೀರಿಯಾದ, ಲ್ಯಾಬಿನಲ್ಲಿ ಬೆಳೆಸಿದ ಶುದ್ಧ ಕಲ್ಚರನ್ನು ಹತ್ತತ್ತು ಪಟ್ಟು ತೆಳು ಮಾಡುತ್ತಾ ಹೋಯಿತು. ಸಾವಿರ ಕೋಶದ ಆಸುಪಾಸಿಗೆ ಇಳಿದಾಗ, 40 ಸೈಕಲ್ ಪಿಸಿಆರ್ ಆದ ಮೇಲೆ, ಓದಿದ ಡಿಎನ್‌ಎಯಲ್ಲಿ ಕಸದ್ದೇ, ಅಂದರೆ ಹೊರಗಿಂದ ಸೇರಿದ್ದರದ್ದೇ, ಮೇಲುಗೈ. ಅದೇ ಪೇಪರಿನಲ್ಲಿ ಥಾಯ್ಲೆಂಡ್ ಗಡಿಯ ನಿರಾಶ್ರಿತ ಶಿಬಿರದ ಶಿಶುಗಳ ಮೂಗಿನ ಮಾದರಿಯೂ ಇದೆ: ವಯಸ್ಸಿನಿಂದ ಬಂದ ವ್ಯತ್ಯಾಸ ಅಂದುಕೊಂಡದ್ದು ಕಿಟ್ಟಿನ ಲಾಟಿನದಾಗಿತ್ತು (ಲಾಟು ಅಂದರೆ ಒಟ್ಟಿಗೆ ತಯಾರಾದ ಕಂತು). ಅದಕ್ಕೇ ಕೇಳೋದು, ನಿನ್ನ ರೋಗಿಗಳದೊಂದು ಲಾಟು, ಆರೋಗ್ಯವಂತರದೊಂದು ಲಾಟು ಆಗಿತ್ತಾ? ಡಬ್ಬಿಯ ಮೇಲಿನ ನಂಬರು ಬರೆದಿಟ್ಟಿದ್ದೀಯಾ? ಇಲ್ಲದಿದ್ದರೆ ಸ್ಟೋರಿನ ಬಿಲ್ಲಿನಲ್ಲಿ ಹುಡುಕು.

ಇನ್ನು ಮುಂದೆ ಪ್ರತಿ ಬ್ಯಾಚಿಗೂ ಮೂರು ಖಾಲಿ: ರಕ್ತ ತೆಗೆಯುವ ಜಾಗದಲ್ಲೇ ಮುಚ್ಚಳ ತೆಗೆದು ಮುಚ್ಚಿದ್ದು, ಡಿಎನ್‌ಎ ತೆಗೆಯುವಾಗಿನದು, ಪಿಸಿಆರಿಗೆ ಬರೀ ನೀರು ಹಾಕಿದ್ದು. ಜೆಲ್ಲಿನಲ್ಲಿ ಡಿಎನ್‌ಎಯ ಬ್ಯಾಂಡ್ ಇಲ್ಲ, ಡಿಎನ್‌ಎ ಅಳೆಯೋ ಕ್ಯೂಬಿಟ್ ಯಂತ್ರ ಸೊನ್ನೆ ತೋರಿಸಿತು ಅಂತ ಬಿಟ್ಟುಬಿಡಬೇಡ. ಅವುಗಳ ಕಣ್ಣಿಗೆ ಬೀಳದ್ದು ಡಿಎನ್‌ಎ ಓದೋ ಸೀಕ್ವೆನ್ಸರಿನ ಕಣ್ಣಿಗೆ ಬೀಳುತ್ತೆ. ಪ್ರತಿ ಮಾದರಿಯ ಡಿಎನ್‌ಎ ಚೂರಿನ ಎರಡೂ ತುದಿಗೆ ಬೇರೆಲ್ಲೂ ಬಳಸದ ಇಂಡೆಕ್ಸೇ (ಯಾವ ಮಾದರಿಯದು ಅಂತ ಗುರುತಿಸೋ ಚೀಟಿ) ಇರಲಿ, ಇಲ್ಲದಿದ್ದರೆ ಪಕ್ಕದ ಮಾದರಿಯ ಓದು ಇದರ ಲೆಕ್ಕಕ್ಕೆ ಜಿಗಿಯುತ್ತೆ. ಹಾಗಂತ ಖಾಲಿಯಲ್ಲಿ ಕಂಡದ್ದನ್ನೆಲ್ಲ ಕಣ್ಣುಮುಚ್ಚಿ ಕಳೆಯಬೇಡ; ನಿಜವಾದ ಮಾದರಿಯೂ ಖಾಲಿಗೆ ಸಿಡಿದಿರಬಹುದು. ಡಿಎನ್‌ಎ ಕಮ್ಮಿಯಾದಷ್ಟೂ ಪಾಲು ಹೆಚ್ಚುವುದು ಯಾವುದು ಅಂತ ನೋಡು. ಅದು ಕಸ.

1995ರಲ್ಲಿ ಕ್ಲೇರ್ ಫ್ರೇಸರ್ ತಂಡ ಮೈಕೊಪ್ಲಾಸ್ಮಾ ಜೆನಿಟೇಲಿಯಂ ಅನ್ನೋ ಬ್ಯಾಕ್ಟೀರಿಯಾದ ಡಿಎನ್‌ಎಯ 580 ಸಾವಿರ ಅಕ್ಷರ ಓದಿದಾಗ ಬೆಳೆಸಿದ ಜೀವಿ ಕೈಯಲ್ಲಿತ್ತು. ನಿನ್ನ ಹತ್ತಿರ ಬರೀ ಚೂರಿದೆ. ಕಲ್ಚರಿನಲ್ಲಿ ಬೆಳೆಯುತ್ತಾ ಅಂತ ಮೊದಲೇ ನೋಡಬೇಕಿತ್ತು... ನೋಡು, ಮತ್ತೆ ಪಾಠ.

ಯಾರೂ ಕೇಳದೆ ಆ ಖಾಲಿ ಟ್ಯೂಬ್ ಓಡಿಸಿದವಳು ನೀನೇ, ಫಲಿತಾಂಶ ಬಂದ ದಿನವೇ ಗೈಡಿಗೆ ಹೇಳಿದವಳೂ ನೀನೇ. ಅದನ್ನು ನಿಮ್ಮಪ್ಪ ಬೀದಿಯವರಿಗೆಲ್ಲ ಹೇಳ್ಕೊಂಡು ಬರ್ತಿದ್ದಾರೆ, ಯಾರಿಗೂ ಅರ್ಥವಾಗದಿದ್ದರೂ. ಫೆಲೋಶಿಪ್ ಏನಾಗುತ್ತೋ ಅನ್ನೋ ದಿಗಿಲು ನನಗಿಲ್ಲ ಅಂದರೆ ಸುಳ್ಳಾಗುತ್ತೆ. ಆದರೂ ಬೇರೆಯವರು ಎತ್ತಿ ತೋರಿಸೋ ಮೊದಲು ನೀವೇ ಎಡಿಟರಿಗೆ ಬರೆಯಿರಿ. ಎಲ್ಲ ಲೇಖಕರ ಒಪ್ಪಿಗೆ ತಗೊಂಡು, ಖಾಲಿ ಟ್ಯೂಬಿನ ಕಚ್ಚಾ ಡೇಟಾವನ್ನೂ ಸಾರ್ವಜನಿಕ ಸಂಗ್ರಹಕ್ಕೆ ಹಾಕಿ.

ಪತ್ರದ ಕರಡು ನನಗೂ ಕಳಿಸು. ಇಂಗ್ಲಿಷ್ ತಿದ್ದಲ್ಲ, ಅಂಕಿ ಮಾತ್ರ ನೋಡ್ತೀನಿ.

ಅಮ್ಮ